ಕಾರಾಗೃಹ ಸೇವೆ (ಕ್ರೈಸ್ತ)

ಸೆರೆಯಲ್ಲಿರುವವರಿಗೆ, ಶಿಕ್ಷೆ ಮುಗಿಸಿ ಹೊರಬಂದವರಿಗೆ ಹಾಗೂ ಅವರ ಮನೆಯವರಿಗೆ ಕ್ರೈಸ್ತ ಸಭೆಗಳೂ ಸಂಘಗಳೂ ನೀಡುತ್ತ ಬಂದಿರುವ ನೆರವು. ಇದರ ಪ್ರೇರಣೆ ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯ; ಸೆರೆಯಾಳನ್ನು ನೋಡಲು ಹೋದವರು ತನ್ನನ್ನೇ ನೋಡಲು ಬಂದಂತೆ ಎಂದು ಯೇಸು ಹೇಳುವುದು ಅಲ್ಲಿ. ಆದಿ ಸಭೆಗೆ ಇದು ದೂರದ ಮಾತಾಗಿರಲಿಲ್ಲ. ಪೌಲನೂ ಸೇರಿ ಅದರ ಮುಂದಾಳುಗಳೇ ಸೆರೆವಾಸ ಕಂಡವರು.

18ನೆಯ ಶತಮಾನದ ಇಂಗ್ಲೆಂಡಿನಲ್ಲಿ ಜೈಲರನಿಗೆ ಸಂಬಳವಿರುತ್ತಿರಲಿಲ್ಲ, ಕೈದಿಗಳಿಂದ ವಸೂಲು ಮಾಡಿದ ಶುಲ್ಕವೇ ಅವನ ಗಳಿಕೆ. ನಿರಪರಾಧಿ ಎಂದು ತೀರ್ಪಾದವರೂ ಆ ಹಣ ಕೊಡಲಾಗದೆ ಒಳಗೇ ಉಳಿಯುತ್ತಿದ್ದರು. 1773ರಲ್ಲಿ ಬೆಡ್‌ಫರ್ಡ್‌ಶೈರ್‌ನ ಶೆರಿಫ್ ಆದ ದೈವಭಕ್ತ ಜಾನ್ ಹೊವಾರ್ಡ್ ಇದನ್ನು ಕಂಡು ಊರೂರ ಜೈಲು ಸುತ್ತಿದರು. 1774ರಲ್ಲಿ ಪಾರ್ಲಿಮೆಂಟ್ ಇಂಥ ಶುಲ್ಕ ರದ್ದುಮಾಡಿತು. 1777ರಲ್ಲಿ ಅವರ ವರದಿಗ್ರಂಥ ಹೊರಬಂತು.

ಈ ಸೇವೆಗೆ ಇಂದಿನ ರೂಪ ಕೊಟ್ಟವರು ಎಲಿಜಬೆತ್ ಫ್ರೈ (1780–1845). ಕ್ವೇಕರ್ ಪಂಥದ ಈ ಗೃಹಿಣಿ 1813ರಲ್ಲಿ ಲಂಡನ್ನಿನ ನ್ಯೂಗೇಟ್ ಜೈಲಿಗೆ ಕಾಲಿಟ್ಟಾಗ ಅಲ್ಲಿ ಸುಮಾರು 300 ಹೆಂಗಸರು ಮಕ್ಕಳುಮರಿಗಳೊಂದಿಗೆ ಕಿಕ್ಕಿರಿದಿದ್ದರು. ಮೊದಲು ಅವರು ಒಯ್ದದ್ದು ಕೂಸುಗಳಿಗೆ ಬೆಚ್ಚನೆಯ ಬಟ್ಟೆ. ಕೆಲವು ವರ್ಷಗಳ ಬಳಿಕ ಮರಳಿ ಬಂದು, ತಾಯಂದಿರೊಡನೆ ಮಾತಾಡಿ ಮಕ್ಕಳಿಗೊಂದು ಶಾಲೆ ತೆರೆದರು. ಅದರ ಉಪಾಧ್ಯಾಯಿನಿ ಮೇರಿ ಕಾನರ್ ಸ್ವತಃ ಕೈದಿ. ಆಕೆಯನ್ನು ಆರಿಸಿದವರೂ ಕೈದಿಗಳೇ. 1817ರಲ್ಲಿ ಮಹಿಳಾ ಸಂಘ ಕಟ್ಟಿ ಹೊಲಿಗೆ, ಹೆಣಿಗೆ ಆರಂಭಿಸಿದಾಗ ನಿಯಮಗಳನ್ನು ಒಂದೊಂದಾಗಿ ಓದಿ ಹೇಳಿ, ಕೈದಿಗಳಿಂದ ಕೈಯೆತ್ತಿಸಿ ಒಪ್ಪಿಗೆ ಪಡೆದರು. ಫ್ರೈ ಅವರ ಹೆಚ್ಚುಗಾರಿಕೆ ಇರುವುದು ಇಲ್ಲೇ. ಜೈಲಿನಲ್ಲಿ ಉಪದೇಶ ಮಾಡಿದವರು ಬಹಳ ಮಂದಿ, ಕೈದಿಯ ಅಭಿಪ್ರಾಯ ಕೇಳಿದವರು ವಿರಳ.

ಆಸ್ಟ್ರೇಲಿಯಾಕ್ಕೆ ಗಡೀಪಾರಾಗುವ ಹೆಂಗಸರಿಗೆ ಸಂಘದವರು ಸೂಜಿ, ದಾರ, ಬಟ್ಟೆ ತುಂಡುಗಳ ಚೀಲ ಕೊಡುತ್ತಿದ್ದರು. 1841ರಲ್ಲಿ 'ರಾಜಾ' ಎಂಬ ಹಡಗಿನಲ್ಲಿ ಹೋದವರು ದಾರಿಯುದ್ದಕ್ಕೂ ಕೂತು 2,815 ತುಂಡುಗಳ ಕೌದಿಯೊಂದನ್ನು ಹೊಲಿದು, ಸಂಘದವರಿಗೆ ಕೃತಜ್ಞತೆಯ ಮಾತನ್ನು ಅದರ ಮೇಲೆಯೇ ಕಸೂತಿ ಹಾಕಿದರು. ಅದೀಗ ಕ್ಯಾನ್‌ಬೆರಾದ ರಾಷ್ಟ್ರೀಯ ಕಲಾ ಗ್ಯಾಲರಿಯಲ್ಲಿದೆ. ಬಿಡುಗಡೆಯಾದ ಹೆಂಗಸರಿಗಾಗಿ ಫ್ರೈ ಹೆಸರಿನ ಆಶ್ರಯಧಾಮ 1849ರಲ್ಲಿ ಲಂಡನ್ನಿನಲ್ಲಿ ತೆರೆಯಿತು.

ಸದುದ್ದೇಶವೆಲ್ಲ ಸತ್ಫಲ ಕೊಡಲಿಲ್ಲ. ಕ್ವೇಕರ್ ಚಿಂತನೆಯ ಪ್ರಭಾವದಲ್ಲಿ ಫಿಲಡೆಲ್ಫಿಯಾದಲ್ಲಿ 1829ರಲ್ಲಿ ತೆರೆದ ಸೆರೆಮನೆ, ಪಶ್ಚಾತ್ತಾಪ ಹುಟ್ಟಲೆಂದು ಕೈದಿಯನ್ನು ಒಂಟಿ ಕೋಣೆಯಲ್ಲಿಟ್ಟಿತು. 1842ರಲ್ಲಿ ಅದನ್ನು ನೋಡಿದ ಚಾರ್ಲ್ಸ್ ಡಿಕನ್ಸ್ ಈ ಪದ್ಧತಿಯ ಕ್ರೌರ್ಯವನ್ನು ಖಂಡಿಸಿ ಬರೆದರು. ಮನುಷ್ಯರ ಮುಖವೇ ಕಾಣದಂತೆ ಮಾಡಿ ಮನಸ್ಸು ತಿದ್ದಹೊರಟದ್ದು ಈ ಚರಿತ್ರೆಯ ದೊಡ್ಡ ತಪ್ಪು.

ಇದಕ್ಕೆ ತೀರ ವಿರುದ್ಧವಾದ ಪ್ರಯೋಗ ಬ್ರೆಜಿಲ್ಲಿನದು. ಸಾವೊ ಜೋಸೆ ದೊಸ್ ಕಾಂಪೊಸ್ ನಗರದಲ್ಲಿ ವಕೀಲ ಮಾರಿಯೊ ಒಟ್ಟೊಬೋನಿ ಮತ್ತು ಅವರ ಕಥೋಲಿಕ ಗೆಳೆಯರು 1972ರಲ್ಲಿ ಆರಂಭಿಸಿದ 'ಅಪಾಕ್' ಸೆರೆಮನೆ ವ್ಯವಸ್ಥೆಯಲ್ಲಿ ಬಾಗಿಲಿನ ಬೀಗದ ಕೈ ಇರುವುದು ಕೈದಿಗಳ ಬಳಿಯೇ.

ಅಮೆರಿಕದಲ್ಲಿ ಅಧ್ಯಕ್ಷ ನಿಕ್ಸನ್ನರ ಸಲಹೆಗಾರರಾಗಿದ್ದ ಚಾರ್ಲ್ಸ್ ಕೋಲ್ಸನ್, ನ್ಯಾಯಕ್ಕೆ ಅಡ್ಡಿಪಡಿಸಿದ ಅಪರಾಧಕ್ಕೆ ಏಳು ತಿಂಗಳು ಜೈಲಿನಲ್ಲಿದ್ದು ಬಂದು 1976ರಲ್ಲಿ 'ಪ್ರಿಸನ್ ಫೆಲೋಶಿಪ್' ಸ್ಥಾಪಿಸಿದರು. ಕೈದಿಗಳ ಮಕ್ಕಳತ್ತ ಆ ಸಂಸ್ಥೆಯ ಕಣ್ಣು ತೆರೆಸಿದವರು ಮೇರಿ ಕೇ ಬಿಯರ್ಡ್, ಅವರೂ ಹಿಂದೆ ಕೈದಿ. ಕ್ರಿಸ್ಮಸ್ಸಿಗೆ ದಾನಿಗಳು ಕೊಟ್ಟ ಸೋಪು, ಟೂತ್‌ಪೇಸ್ಟುಗಳನ್ನು ತಾಯಂದಿರು ತಾವು ಬಳಸದೆ, ನೋಡಲು ಬರುವ ಮಕ್ಕಳಿಗೆಂದು ಕಟ್ಟಿಡುವುದನ್ನು ಅವರು ಒಳಗಿದ್ದಾಗ ಕಂಡಿದ್ದರು. 1982ರಲ್ಲಿ ಅಲಬಾಮಾದ ಶಾಪಿಂಗ್ ಮಾಲ್‌ಗಳಲ್ಲಿ ಕ್ರಿಸ್ಮಸ್ ಮರ ನಿಲ್ಲಿಸಿ, ಇಂಥ ಮಕ್ಕಳ ಹೆಸರು, ಬೇಕಾದ ವಸ್ತು ಬರೆದ ಕಾಗದದ ದೇವದೂತರನ್ನು ತೂಗುಹಾಕಿದರು. ಚೀಟಿ ತೆಗೆದುಕೊಂಡವರು ಉಡುಗೊರೆ ತಂದುಕೊಟ್ಟರೆ ಅದು ಅಪ್ಪನದೋ ಅಮ್ಮನದೋ ಹೆಸರಿನಲ್ಲಿ ಮಗುವಿಗೆ ತಲುಪುತ್ತದೆ. ಈ 'ಏಂಜೆಲ್ ಟ್ರೀ' ಇಂದಿಗೂ ನಡೆದಿದೆ.

ಭಾರತದಲ್ಲಿ ಕೇರಳದ ಕೊಟ್ಟಾಯಂ ಸೆಮಿನರಿಯ ವಿದ್ಯಾರ್ಥಿಗಳು 1981ರಲ್ಲಿ ಹೂಡಿದ ಕೆಲಸ 'ಪ್ರಿಸನ್ ಮಿನಿಸ್ಟ್ರಿ ಇಂಡಿಯಾ' ಆಗಿ ಬೆಳೆಯಿತು. ನಾಜಿಗಳ ಆಶ್‌ವಿಟ್ಸ್ ಸೆರೆಶಿಬಿರದಲ್ಲಿ ಸಹಬಂದಿಯ ಬದಲು ತಾನು ಸಾಯಲು ಮುಂದೆ ಬಂದ ಪಾದ್ರಿ ಮ್ಯಾಕ್ಸಿಮಿಲಿಯನ್ ಕೋಲ್ಬೆ ಇದರ ಪಾಲಕ ಸಂತ. ರಾಷ್ಟ್ರೀಯ ಕಚೇರಿ ಬೆಂಗಳೂರಿನಲ್ಲಿದೆ. ಜೈಲು ಭೇಟಿ, ಕಾನೂನು ನೆರವು, ಬಿಡುಗಡೆಯಾದವರಿಗೆ ಪುನರ್ವಸತಿ ಮನೆ, ಕೈದಿಗಳ ಮಕ್ಕಳಿಗೆ ಓದು ಇದರ ಕೆಲಸಗಳು. ನಮ್ಮ ಜೈಲುಗಳಲ್ಲಿರುವವರಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಮೂವರು ವಿಚಾರಣಾಧೀನರು. ಜಾಮೀನು ಸಿಕ್ಕಿಯೂ ಶ್ಯೂರಿಟಿ ಕೊಡುವವರಿಲ್ಲದೆ ಒಳಗೇ ಉಳಿದ ಬಡವರೂ ಅವರಲ್ಲಿದ್ದಾರೆ. ಹೀಗಾಗಿ ಇಲ್ಲಿ ಪ್ರಾರ್ಥನೆಯಷ್ಟೇ ವಕೀಲರ ನೆರವೂ ಈ ಸೇವೆಯ ಭಾಗ.