ಕತ್ತಿ ಯಾರದು, ಒರೆ ಯಾರದು?

2023ರ ಮೇ 23ರಂದು ಲಂಡನ್ನಿನ ಬೋನ್‌ಹ್ಯಾಮ್ಸ್ ಹರಾಜಿನಲ್ಲಿ ಟಿಪ್ಪುವಿನ ಖಡ್ಗವೊಂದು ಸುಮಾರು 1 ಕೋಟಿ 40 ಲಕ್ಷ ಪೌಂಡಿಗೆ ಮಾರಾಟವಾಯಿತು. ಅಲಗಿನ ಮೇಲೆ ‘ಶಂಶೀರ್-ಎ-ಮಲಿಕ್’, ಅಂದರೆ ದೊರೆಯ ಕತ್ತಿ, ಎಂಬ ಬರಹವಿದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಅದು ಮೇಜರ್ ಜನರಲ್ ಡೇವಿಡ್ ಬೇರ್ಡ್‌ನ ಪಾಲಾಯಿತು. ಮೂಲ ಒಡೆಯ ಯಾರೆಂಬ ಮಾತು ಅಲ್ಲಿಗೆ ಮುಗೀತು ಅಂತಾರೆ. ನನಗೆ ಮುಗಿದಿಲ್ಲ.

ಆ ಮುತ್ತಿಗೆಯಲ್ಲಿ ಕಂಪನಿಯ ಜೊತೆ ನಿಜಾಮನ ದಂಡೂ ಇತ್ತು. ನಮ್ಮ ಸೇಡಂ, ಚಿತ್ತಾಪುರ, ಚಿಂಚೋಳಿ ನಿಜಾಮನ ಸೀಮೆ. ದಂಡು ಸಾಗಬೇಕಾದರೆ ಕುದುರೆಗೆ ಜೀನು, ನೀರಿಗೆ ತೊಗಲಿನ ಚೀಲ, ಕತ್ತಿಗೆ ಒರೆ ಬೇಕು. ತೊಗಲು ಹದ ಮಾಡಿದವರು ಯಾರ್ರಿ? ಅಲಗಿನ ಮೇಲೆ ದೊರೆಗೆ ಜಾಗ ಇದೆ, ಅವರಿಗಿಲ್ಲ.

ಹೆಸರು ಸಿಗುವುದು ಕೋರೆಗಾಂವ್ ಸ್ತಂಭದಲ್ಲಿ. 1818ರ ಜನವರಿ 1ರ ಕಾಳಗದಲ್ಲಿ ಕಂಪನಿಯ ಪರ ಸತ್ತವರ ಪಟ್ಟಿಯಲ್ಲಿ ‘ನಾಕ’ ಎಂದು ಮುಗಿಯುವ ಮಹಾರ್ ಸಿಪಾಯಿಗಳ ಹೆಸರುಗಳಿವೆ. ಅದು ಪರರ ದಂಡು, ನಿಜ. ಅದೇ ಸರಕಾರ 1890ರ ದಶಕದಲ್ಲಿ ಮಹಾರರಿಗೆ ಸೈನ್ಯದ ಬಾಗಿಲು ಮುಚ್ಚಿತು. ಆದರೂ 1927ರ ಜನವರಿ 1ರಂದು ಬಾಬಾಸಾಹೇಬರು ಆ ಸ್ತಂಭದ ಮುಂದೆ ನಿಂತರು. ಕಲ್ಲಿನಲ್ಲಿ ಕೆತ್ತಿದ ಹೆಸರನ್ನು ಅಷ್ಟು ಸುಲಭಕ್ಕೆ ಅಳಿಸಲಾಗದು.

ವಾಡಿ, ಶಹಾಬಾದಿನ ಕೇರಿಗಳ ವಿದ್ಯಾರ್ಥಿಗಳು ಮನೆಯ ಹಿರೀಕರನ್ನು ಕೇಳಿ ಒರೆ ಹೊಲಿದವರ, ಹೆಣ ಹೊತ್ತವರ ಹೆಸರು ಬರೆದಿಡಲಿ. ನಮ್ಮ ಚರಿತ್ರೆಯ ಶೋಧ ಅಲ್ಲಿಂದ ಶುರುವಾಗಬೇಕು.