ತೂಕದ ಕಲ್ಲಿಗೂ ಒಂದು ಚರಿತ್ರೆ

ಪುಣೆಗೆ ಬಂದು ನೆಲೆಸಿದ ನಾವು ಕನ್ನಡಿಗರು ಊಟದಲ್ಲಿ ನಾನಾ ಬಗೆಯವರು. ವಿಜಾಪುರದ ಕಡೆಯವರಿಗೆ ಜೋಳದ ರೊಟ್ಟಿ ಇಲ್ಲಿ ಭಾಕರಿಯೆಂಬ ಹೆಸರಿನಲ್ಲಿ ದೊರೆಯಿತು. ಮೈಸೂರಿನವರು ರಾಗಿಹಿಟ್ಟನ್ನು ಊರಿನಿಂದ ಕಟ್ಟಿಕೊಂಡು ಬಂದರು. ಕರಾವಳಿಯವರು ಅನ್ನವನ್ನು ಬಿಡಲಿಲ್ಲ. ಉಂಡದ್ದರ ಗುರುತು ಮೂಳೆಯಲ್ಲಿ ಸಾವಿರಾರು ವರ್ಷ ಉಳಿಯಬಲ್ಲದು ಎಂಬುದು ಮಾತ್ರ ಸೋಜಿಗ.

ಜೋಳ, ರಾಗಿ, ಸಜ್ಜೆಗಳು ಗಾಳಿಯಿಂದ ಇಂಗಾಲವನ್ನು ಹೀರುವ ಕ್ರಮ ಬೇರೆ. ಅಕ್ಕಿ, ಗೋಧಿ, ಬಾರ್ಲಿಗಳದು ಬೇರೆ. ಆದ್ದರಿಂದ ಇವುಗಳಲ್ಲಿ ಭಾರದ ಇಂಗಾಲ, ಅಂದರೆ ಇಂಗಾಲ-13ರ ಪಾಲು ಒಂದೇ ಅಲ್ಲ. ಸಾರಜನಕ-15ರದು ಇನ್ನೊಂದು ಕಥೆ. ಎದೆಹಾಲು ಕುಡಿಯುವ ಕೂಸಿನಲ್ಲಿ ಅದು ತಾಯಿಗಿಂತ ಸಾವಿರಕ್ಕೆ ಎರಡು ಮೂರರಷ್ಟು ಹೆಚ್ಚಿರುತ್ತದೆ. ಹಾಲು ಬಿಟ್ಟ ಮೇಲೆ ಇಳಿಯುತ್ತದೆ.

ನಮ್ಮ ಊರಿನ ಡೆಕ್ಕನ್ ಕಾಲೇಜಿನವರು 1968ರಿಂದ 1983ರವರೆಗೆ ಪುಣೆ ಜಿಲ್ಲೆಯ ಇನಾಮಗಾಂವನ್ನು ಅಗೆದಾಗ, ಮನೆಗಳ ನೆಲದಡಿ ಮಡಕೆಗಳಲ್ಲಿ ಹೂತಿಟ್ಟ ಎಳೆಯ ಮಕ್ಕಳ ಎಲುಬುಗಳು ದೊರೆತವು. ಅದೇ ಸಂಸ್ಥೆಯಿಂದ ಹೋಗಿ 1960ರ ದಶಕದಲ್ಲಿ ಬಳ್ಳಾರಿ ಸೀಮೆಯ ತೆಕ್ಕಲಕೋಟೆಯನ್ನು ಅಗೆದವರು ಎಂ. ಎಸ್. ನಾಗರಾಜರಾವ್, ಮುಂದೆ ಅವರು ಭಾರತೀಯ ಪುರಾತತ್ತ್ವ ಇಲಾಖೆಯ ಮಹಾನಿರ್ದೇಶಕರಾದರು. ಇಂಥ ಎಲುಬುಗಳನ್ನು ಕಂಡಾಗ ಏಳುವ ಪ್ರಶ್ನೆ ಒಂದೇ: ಇವರು ಏನು ಉಂಡರು, ಕೂಸುಗಳು ಎಂದು ಹಾಲು ಬಿಟ್ಟವು? ಬಿಸಿಲ ನಾಡಿನಲ್ಲಿ ಮೂಳೆಯೊಳಗಿನ ಸಾರ ಬೇಗ ನಶಿಸುತ್ತದೆ. ಉಳಿದಷ್ಟನ್ನು ಅಳೆಯಬೇಕಾದರೆ ಮೊದಲು ಸರಿಯಾದ ತೂಕದ ಕಲ್ಲು ಬೇಕು.

ಇಂಗಾಲಕ್ಕೆ ಮೊದಲ ಕಲ್ಲು ಸಿಕ್ಕಿದ್ದು ಅಮೆರಿಕದ ದಕ್ಷಿಣ ಕರೊಲಿನಾದಲ್ಲಿ. ಪೀಡೀ ಎಂಬ ಶಿಲಾಸ್ತರದ ಬೆಲೆಮ್ನೈಟನ್ನು, ಅಂದರೆ ಸುಮಾರು 7 ಕೋಟಿ ವರ್ಷ ಹಳೆಯ ಕಡಲಜೀವಿಯ ಪಳೆಯುಳಿಕೆಯನ್ನು, ಷಿಕಾಗೋದ ಹೆರಾಲ್ಡ್ ಯೂರಿಯವರ ತಂಡ ಪುಡಿಮಾಡಿ ಸೊನ್ನೆಯೆಂದು ಹಿಡಿಯಿತು. ಆ ಪುಡಿ ಮುಗಿದೇ ಹೋಯಿತು! 1980ರ ದಶಕದಲ್ಲಿ ಮೂಲ ತಿಳಿಯದ ಒಂದು ಬಿಳಿಯ ಅಮೃತಶಿಲೆಯ ಚಪ್ಪಡಿ ಅದರ ಸ್ಥಾನಕ್ಕೆ ಬಂತು. ಅದರ ಬೆಲೆ 1.95 ಎಂದು ಗೊತ್ತುಮಾಡಿ, ಕಾಣದ ಸೊನ್ನೆಯನ್ನು ಉಳಿಸಿಕೊಂಡರು. ಅಳತೆಗೋಲಿನ ಇನ್ನೊಂದು ತುದಿಗೆ 2006ರಲ್ಲಿ ಲಿಥಿಯಂ ಕಾರ್ಬೊನೇಟನ್ನು ಆರಿಸಿದರು. ಅದು ಗಾಳಿಯ ಇಂಗಾಲಾಮ್ಲವನ್ನು ಹೀರಿ ತಾನೇ ಬದಲಾಗುತ್ತದೆಂದು ತಿಳಿದಾಗ 2017ರಲ್ಲಿ ಅದನ್ನು ಕೈಬಿಡಬೇಕಾಯಿತು. ಸಾರಜನಕಕ್ಕೆ ಈ ಪಾಡಿಲ್ಲ. ಎಲ್ಲೆಡೆ ಒಂದೇ ತೆರನಾಗಿರುವ ಗಾಳಿಯೇ ಅದರ ಸೊನ್ನೆ.

ಬಿ.ಎಸ್ಸಿ. ಓದುವಾಗ ನಮಗೂ ಇದರ ಅನುಭವವಾಗಿತ್ತು. ಟೈಟ್ರೇಷನ್ ಪರೀಕ್ಷೆಯಲ್ಲಿ ಇಡೀ ತರಗತಿಗೆ ಒಂದೇ ಉತ್ತರ ಬಂದಿತು. ನಾವೆಲ್ಲ ಹಿಗ್ಗಿದೆವು. ಹೋಲಿಕೆಗೆ ಕೊಟ್ಟ ದ್ರಾವಣವೇ ಕೆಟ್ಟಿದೆಯೆಂದು ಮರುದಿನ ತಿಳಿಯಿತು. ಹತ್ತು ಮಂದಿ ಒಪ್ಪಿದ ಮಾತ್ರಕ್ಕೆ ಲೆಕ್ಕ ನಿಜವಾಗದು.

ಆದಕಾರಣ ಬಲ್ಲವರು ಮೂರು ನಿಯಮ ಹೇಳುತ್ತಾರೆ. ತೂಕದ ಕಲ್ಲು ತೂಗುವ ವಸ್ತುವಿನ ಜಾತಿಯದಾಗಿರಬೇಕು: ಮೂಳೆಯ ಸಾರಕ್ಕೆ ಸುಣ್ಣಕಲ್ಲು ಸಾಲದು, ಗ್ಲುಟಾಮಿಕ್ ಆಮ್ಲ, ಕೊಲಾಜನ್‌ಗಳಂಥವು ಬೇಕು. ಒಂದೇ ಕಲ್ಲು ಸಾಲದು. ಉತ್ತರದ ಆಚೆಗೊಂದು, ಈಚೆಗೊಂದು ಇರಬೇಕು. ಯಾವುದನ್ನಿಟ್ಟು ತೂಗಿದೆವೆಂದು ಬರೆದಿಡಬೇಕು. ಕಾಫಿಪ್ರಿಯರಾದ ನಮಗೆ ಸಂತೋಷದ ಸಂಗತಿಯೆಂದರೆ, ಸಕ್ಕರೆಯೂ ಕೆಫೀನೂ ಈ ಕಲ್ಲುಗಳ ಪಟ್ಟಿಯಲ್ಲಿವೆ.

ಕಚೇರಿಯಲ್ಲಿ ಉಲ್ಲೇಖ ಸಂಖ್ಯೆಯಿಲ್ಲದ ಪತ್ರಕ್ಕೆ ಬೆಲೆಯಿಲ್ಲ. ಮಡಕೆಯಲ್ಲಿ ಮಲಗಿದ ಆ ಕೂಸಿನ ಪರವಾಗಿ ಮಾತನಾಡುವವರು ಯಾರೂ ಇಲ್ಲ. ಸಾವಿರಕ್ಕೆ ಎರಡರಷ್ಟು ತಪ್ಪಿದರೆ ಅದರ ತಾಯಿಯ ಹಾಲಿನ ಲೆಕ್ಕವೇ ತಪ್ಪಿಹೋಗುತ್ತದೆ.