ಶಾಂಘೈಗೆ ಹೋಗುವವರಿಗೆ ಒಂದು ಕಿವಿಮಾತು

'ದೇಶ ಸುತ್ತು, ಕೋಶ ಓದು' ಎಂದು ನಮ್ಮ ಹಿರಿಯರು ಎರಡನ್ನೂ ಬೇರೆ ಬೇರೆಯಾಗಿ ಹೇಳಿದರು. ಚೀನಾದ ಶಾಂಘೈ ನಗರದ ಮಟ್ಟಿಗೆ ಮಾತ್ರ ಕೋಶ ಓದಿಕೊಂಡೇ ಸುತ್ತುವುದು ಒಳ್ಳೆಯದು. ಓದದೆ ಹೋದವರಿಗೆ ಅಲ್ಲಿ ಗಗನಚುಂಬಿ ಕಟ್ಟಡಗಳು ಕಾಣುತ್ತವೆ, ಅಂಗಡಿ ಸಾಲುಗಳು ಕಾಣುತ್ತವೆ. ತಮಗಿಂತ ಮುಂಚೆ ಆ ಊರಿಗೆ ಬಂದುಹೋದ ನಮ್ಮವರ ಹೆಜ್ಜೆಗಳು ಕಾಣುವುದಿಲ್ಲ.

ಮೊದಲು ಪ್ರಯಾಣಿಕರಿಗೆ ಬೇಕಾದ ನಾಲ್ಕು ಮಾತು ಹೇಳಿಬಿಡುತ್ತೇನೆ. ಪಾಸ್‌ಪೋರ್ಟು ಸದಾ ಜೊತೆಗಿರಲಿ. ರೈಲಿಗೂ ಬೇಕು, ಅನೇಕ ವಸ್ತುಸಂಗ್ರಹಾಲಯಗಳ ಬಾಗಿಲಿಗೂ ಬೇಕು. ಅಲ್ಲಿ ಹಣ್ಣಿನಂಗಡಿಯಲ್ಲಿ ಕೂಡ ಜನ ಮೊಬೈಲಿನಿಂದಲೇ ದುಡ್ಡು ಕೊಡುತ್ತಾರೆ. ನಿಮ್ಮ ಕಾರ್ಡು ಅಲಿಪೇ, ವೀಚಾಟ್‌ಗಳಿಗೆ ಹೊಂದುತ್ತದೆಯೇ ಎಂದು ಹೊರಡುವ ಮುನ್ನ ಬ್ಯಾಂಕಿನಲ್ಲಿ ವಿಚಾರಿಸಿ, ಸ್ವಲ್ಪ ನಗದು ಯುವಾನನ್ನೂ ಇಟ್ಟುಕೊಳ್ಳಿ. ಇಳಿದುಕೊಂಡ ಹೋಟೆಲಿನ ವಿಳಾಸವನ್ನು ಚೀನಿ ಲಿಪಿಯಲ್ಲೇ ಬರೆಸಿಕೊಳ್ಳಿ. ಅಕ್ಟೋಬರ್ ಮೊದಲ ವಾರ ಅವರ ರಾಷ್ಟ್ರೀಯ ರಜೆ. ಆಗ ಹೋದರೆ ಜಾತ್ರೆಯೊಳಗೆ ಸಿಕ್ಕಿಕೊಂಡಂತೆ. ಸಸ್ಯಾಹಾರಿಗಳು 'ವೋ ಚಿ ಸು' ಎಂಬ ಮೂರು ಪದಗಳನ್ನು ಬಾಯಿಪಾಠ ಮಾಡಿಕೊಳ್ಳಬೇಕು. ಅಂಥವರಿಗಾಗಿ ಗೊಂಗ್‌ದೆಲಿನ್ ಎಂಬ ಊಟದ ಮನೆಯೊಂದು 1922ರಿಂದಲೂ ಆ ನಗರದಲ್ಲಿದೆ.

ಇನ್ನು ದಾರಿ. ನಗರದ ನಡುಭಾಗದಲ್ಲಿ ದಿಕ್ಕು ತಪ್ಪಿದರೆ ಬೀದಿಯ ಹೆಸರನ್ನು ನೋಡಿ. ನಾನ್‌ಜಿಂಗ್, ಬೀಜಿಂಗ್, ಫುಜೌ ಎಂದು ಊರಿನ ಹೆಸರಿದ್ದರೆ ಆ ಬೀದಿ ಪೂರ್ವ ಪಶ್ಚಿಮವಾಗಿದೆ. ಸಿಚುವಾನ್, ಹೆನಾನ್, ಝೆಜಿಯಾಂಗ್ ಎಂದು ಪ್ರಾಂತದ ಹೆಸರಿದ್ದರೆ ಉತ್ತರ ದಕ್ಷಿಣವಾಗಿದೆ. 1860ರ ದಶಕದಲ್ಲಿ ಬ್ರಿಟಿಷರು ಮಾಡಿದ ಏರ್ಪಾಡು ಇದು. ಇದಕ್ಕೊಂದು ಅಪವಾದ ಗುವಾಂಗ್‌ಡಾಂಗ್ ರಸ್ತೆ. ಇಂಗ್ಲಿಷರು ಕ್ಯಾಂಟನ್ ಎಂದು ಊರಿನ ಹೆಸರಿಟ್ಟರೆ ಚೀನಿಯರು ಅದನ್ನು ಪ್ರಾಂತದ ಹೆಸರಾಗಿ ಬರೆದುಕೊಂಡರು. ಹೀಗಾಗಿ ಪ್ರಾಂತದ ಹೆಸರು ಹೊತ್ತೂ ಅದು ಪೂರ್ವ ಪಶ್ಚಿಮವಾಗಿ ಮಲಗಿದೆ.

ಚೀನಾದ ನಗರದ ಬೀದಿಗೆ ಬ್ರಿಟಿಷರು ಹೆಸರಿಡುವಂತಾದದ್ದು ಹೇಗೆ? ಅಲ್ಲಿಂದಲೇ ನಮ್ಮ ಕಥೆ ಆರಂಭವಾಗುತ್ತದೆ. ಬಿಹಾರದ ರೈತರಿಗೆ ಮುಂಗಡ ಕೊಟ್ಟು ಬೆಳೆಸಿದ ಅಫೀಮನ್ನು ಈಸ್ಟ್ ಇಂಡಿಯಾ ಕಂಪನಿ ಕಲ್ಕತ್ತೆಯಲ್ಲಿ ಹರಾಜು ಹಾಕುತ್ತಿತ್ತು. ಮಾಳವದ ಅಫೀಮು ಬೊಂಬಾಯಿಯಿಂದ ಹಡಗು ಹತ್ತುತ್ತಿತ್ತು. ಅದನ್ನು ತಡೆಯಹೊರಟ ಚೀನಾ ಯುದ್ಧದಲ್ಲಿ ಸೋತು, 1842ರ ನಾನ್‌ಜಿಂಗ್ ಒಪ್ಪಂದದಂತೆ ಐದು ಬಂದರುಗಳನ್ನು ತೆರೆಯಬೇಕಾಯಿತು. ಅವುಗಳಲ್ಲಿ ಶಾಂಘೈ ಒಂದು. ಬ್ರಿಟಿಷರು, ಅಮೆರಿಕನ್ನರು, ಫ್ರೆಂಚರು ಅಲ್ಲಿ ತಮ್ಮ ತಮ್ಮ ವಸಾಹತು ಹಾಕಿಕೊಂಡರು. 1943ರವರೆಗೂ ಆ ಏರ್ಪಾಡು ಉಳಿಯಿತು.

ಹ್ವಾಂಗ್‌ಪು ನದಿಯ ದಂಡೆಯ ಭವ್ಯ ಕಟ್ಟಡಗಳ ಸಾಲಿಗೆ ಚೀನಿಯರು ವಾಯ್‌ತಾನ್ ಎನ್ನುತ್ತಾರೆ. ಲೋಕವೆಲ್ಲ ಅದನ್ನು 'ಬಂಡ್' ಎಂದು ಕರೆಯುತ್ತದೆ. ಆ ಪದ ಹೋದದ್ದೇ ಇಂಡಿಯಾದಿಂದ. ಒಡ್ಡು ಎಂಬ ಅರ್ಥದ ಹಿಂದೂಸ್ತಾನಿ 'ಬಂದ್' ಇಂಗ್ಲಿಷರ ಬಾಯಲ್ಲಿ ಬಂಡ್ ಆಯಿತು. ಕೆರೆ ಏರಿಯನ್ನು ನಾವು ಟ್ಯಾಂಕ್ ಬಂಡ್ ಎನ್ನುತ್ತೇವಲ್ಲ, ಅದೇ ಪದ. ಆ ಸಾಲಿನಲ್ಲಿ 1923ರಲ್ಲಿ ಕಟ್ಟಿದ ಹಾಂಗ್‌ಕಾಂಗ್ ಬ್ಯಾಂಕಿನ ಕಟ್ಟಡವಿದೆ. ಈಗ ಅದರಲ್ಲಿ ಚೀನಿ ಬ್ಯಾಂಕೊಂದಿದೆ. ಒಳಗೆ ಬಿಟ್ಟರೆ ಗುಮ್ಮಟದ ಕಡೆ ತಲೆ ಎತ್ತಿ ನೋಡಿ. ಬಣ್ಣದ ಹರಳುಗಳಲ್ಲಿ ಎಂಟು ನಗರಗಳ ಚಿತ್ರಗಳಿವೆ, ಅವುಗಳಲ್ಲಿ ಕಲ್ಕತ್ತೆಯೂ ಒಂದು. ದಶಕಗಳ ಕಾಲ ಮುಚ್ಚಿಹೋಗಿದ್ದ ಈ ಚಿತ್ರಗಳು 1997ರಲ್ಲಿ ಮತ್ತೆ ಬೆಳಕಿಗೆ ಬಂದವು.

ನಾನ್‌ಜಿಂಗ್ ರಸ್ತೆ ನದಿಯನ್ನು ಸೇರುವ ಮೂಲೆಯಲ್ಲಿ ಹಸಿರು ಶಿಖರದ ಪೀಸ್ ಹೋಟೆಲ್ ನಿಂತಿದೆ. 1929ರಲ್ಲಿ ಅದನ್ನು ಕಟ್ಟಿಸಿದವನು ವಿಕ್ಟರ್ ಸಸೂನ್. ಬಾಗ್ದಾದಿನಿಂದ ಬೊಂಬಾಯಿಗೆ ಬಂದು ನೆಲೆಸಿ, ಹತ್ತಿಯಲ್ಲೂ ಅಫೀಮಿನಲ್ಲೂ ಸಂಪತ್ತು ಕಂಡ ಡೇವಿಡ್ ಸಸೂನನ ಮರಿಮೊಮ್ಮಗ ಅವನು. ರಸ್ತೆಯ ಎದುರು ಬದಿಯ ಕಟ್ಟಡ ಆಗಿನ ಪ್ಯಾಲೇಸ್ ಹೋಟೆಲ್. ಅಫೀಮಿನ ಹಾವಳಿಯನ್ನು ತಡೆಯುವ ಬಗೆಗೆ 1909ರಲ್ಲಿ ಹದಿಮೂರು ದೇಶಗಳ ಪ್ರತಿನಿಧಿಗಳು ಸೇರಿ ಚರ್ಚಿಸಿದ್ದು ಅಲ್ಲೇ. ಆ ವ್ಯಾಪಾರದ ಲಾಭ ಉಂಡ ಮನೆತನದ ಮಹಲು ಮುಂದೆ ಎದ್ದದ್ದು ಅದೇ ಬೀದಿಯ ಆಚೆ ಬದಿಯಲ್ಲಿ!

ವ್ಯಾಪಾರಿಗಳ ಹಿಂದೆಯೇ ಪೊಲೀಸರೂ ಹೋದರು. 1880ರ ದಶಕದಿಂದ ಶಾಂಘೈನ ಬೀದಿ ಕಾಯಲು ಪಂಜಾಬಿನ ಸಿಖ್ಖರನ್ನು ನೇಮಿಸಲಾಯಿತು. ಅವರ ಕೆಂಪು ಮುಂಡಾಸನ್ನು ಕಂಡು ಊರವರು ಇಟ್ಟ ಅಡ್ಡಹೆಸರಿನಲ್ಲಿ ಭಯವೂ ಇತ್ತು, ತಿರಸ್ಕಾರವೂ ಇತ್ತು. 1925ರ ಮೇ 30ರಂದು, ಜಪಾನಿ ಗಿರಣಿಯಲ್ಲಿ ಚೀನಿ ಕಾರ್ಮಿಕನೊಬ್ಬನ ಕೊಲೆಯಾದದ್ದನ್ನು ಪ್ರತಿಭಟಿಸಿದ ಜನರ ಗುಂಪು ನಾನ್‌ಜಿಂಗ್ ರಸ್ತೆಯ ಪೊಲೀಸ್ ಠಾಣೆಯ ಮುಂದೆ ನೆರೆಯಿತು. ಗುಂಡು ಹಾರಿಸಲು ಅಪ್ಪಣೆ ಕೊಟ್ಟವನು ಬ್ರಿಟಿಷ್ ಅಧಿಕಾರಿ. ಕೋವಿ ಹಿಡಿದವರಲ್ಲಿ ಸಿಖ್ಖರೂ ಇದ್ದರು, ಚೀನಿಯರೂ ಇದ್ದರು. ಜಲಿಯನ್‌ವಾಲಾ ಬಾಗ್ ನಡೆದು ಆಗಿನ್ನೂ ಆರೇ ವರ್ಷ. ಜನತಾ ಚೌಕದ ಬಳಿ ಆ ದಿನದ ಸ್ಮಾರಕವಿದೆ. ಅದರ ಮುಂದೆ ನಿಂತಾಗ ಇಷ್ಟೇ ಅನ್ನಿಸಿತು: ಹೊಟ್ಟೆಪಾಡಿಗೆ ಊರು ಬಿಟ್ಟ ರೈತನ ಮಗನ ಕೈಗೆ ಕೋವಿ ಕೊಟ್ಟು ಇನ್ನೊಬ್ಬ ರೈತನ ಮಗನ ಎದುರು ನಿಲ್ಲಿಸುವುದು ಸಾಮ್ರಾಜ್ಯಕ್ಕೆ ಎಷ್ಟು ಸುಲಭವಾಗಿತ್ತು! ಗುಂಡು ತಿಂದವರ ಪಾಲಿಗೆ ಅದು ಸಮಾಧಾನವಲ್ಲ, ನಿಜ. ಮರೆಯುವ ಹಕ್ಕು ನಮಗಂತೂ ಇಲ್ಲ.

ನದಿಯಾಚೆಯ ಪುಡಾಂಗ್ ಬೇರೆಯೇ ಲೋಕ. 1990ರಲ್ಲಿ ಸರ್ಕಾರ ಅದರ ಅಭಿವೃದ್ಧಿಯನ್ನು ಘೋಷಿಸಿದಾಗ ಅಲ್ಲಿ ಹೆಚ್ಚಾಗಿ ಗೋದಾಮುಗಳು, ಹೊಲಗಳು. 1994ರಲ್ಲಿ 468 ಮೀಟರಿನ ಓರಿಯೆಂಟಲ್ ಪರ್ಲ್ ಗೋಪುರ ಎದ್ದಿತು. 2015ರಲ್ಲಿ ಮುಗಿದ ಶಾಂಘೈ ಟವರ್ 632 ಮೀಟರ್ ಎತ್ತರವಿದೆ. ಅದನ್ನು ಹತ್ತಿ ನೋಡಲು ದುಬಾರಿ ಟಿಕೆಟ್ ಬೇಕು. ಎರಡು ಯುವಾನ್ ಕೊಟ್ಟು ಊರ ಜನರ ಜೊತೆ ದೋಣಿಯಲ್ಲಿ ನದಿ ದಾಟಿ ನೋಡಿ. ಒಂದು ದಡದಲ್ಲಿ ಪರರು ಕಟ್ಟಿದ ನಗರ, ಇನ್ನೊಂದು ದಡದಲ್ಲಿ ತಾವೇ ಕಟ್ಟಿಕೊಂಡ ನಗರ, ಎರಡೂ ಒಟ್ಟಿಗೆ ಕಾಣುತ್ತವೆ. ಅವರ ಹಠದ ಕಾರಣ ಆಗ ಅರ್ಥವಾಗುತ್ತದೆ.

ಕೊನೆಗೊಂದು ಜಾಗ. ಮೆಟ್ರೋದ ಒಂದನೆಯ ಮಾರ್ಗದಲ್ಲಿ ಶಾನ್‌ಶಿ ದಕ್ಷಿಣ ರಸ್ತೆಯಲ್ಲಿ ಇಳಿದು ಸ್ವಲ್ಪ ನಡೆದರೆ, ಮಾವೊಮಿಂಗ್ ದಕ್ಷಿಣ ರಸ್ತೆಯಲ್ಲಿ ರವೀಂದ್ರನಾಥ ಠಾಕೂರರ ಪುತ್ಥಳಿಯಿದೆ. ನಮ್ಮ ರಾಷ್ಟ್ರಪತಿ ಪ್ರತಿಭಾ ಪಾಟೀಲ್ 2010ರಲ್ಲಿ ಅದನ್ನು ಅನಾವರಣ ಮಾಡಿದರು. ಠಾಕೂರರು 1924ರಲ್ಲಿ ಈ ನಗರಕ್ಕೆ ಬಂದರು. ಆದರೆ ಅದಕ್ಕೂ ನಲವತ್ತಮೂರು ವರ್ಷ ಮೊದಲೇ, 1881ರಲ್ಲಿ, ಇಪ್ಪತ್ತರ ಹರೆಯದ ಹುಡುಗನಾಗಿದ್ದಾಗ, ಚೀನಾಕ್ಕೆ ಅಫೀಮು ಮಾರುವುದನ್ನು ಸಾವಿನ ವ್ಯಾಪಾರವೆಂದು ಖಂಡಿಸಿ ಬಂಗಾಳಿಯಲ್ಲಿ ಲೇಖನ ಬರೆದಿದ್ದರು. ಆ ನಗರಕ್ಕೆ ನಮ್ಮಲ್ಲಿಂದ ಪೆಟ್ಟಿಗೆಗಳೂ ಹೋದವು, ಕೋವಿಗಳೂ ಹೋದವು, ಈ ಒಂದು ದನಿಯೂ ಎದ್ದಿತು. ಶಾಂಘೈಗೆ ಹೋದವರು ಬಂಡ್‌ನ ದೀಪಾಲಂಕಾರದ ಮುಂದೆ ಫೋಟೋ ತೆಗೆಸಿಕೊಂಡ ಮೇಲೆ, ಇಲ್ಲಿಗೂ ಅರ್ಧ ಗಂಟೆ ಬಿಡುವು ಮಾಡಿಕೊಂಡು ಬರಲಿ.